ಹಳೇ ಕಂಪ್ಯೂಟರ್ ಕೇಸಿಗೆ ಕೊನೆಗೂ ಬಣ್ಣ ನಿಂತಿತು

ಹಳದಿಗಟ್ಟಿದ ಹಳೇ ಕೇಸಿಗೆ ಮೊದಲ ಸಲ ಸುಮ್ನೆ ಸ್ಪ್ರೇ ಪೇಂಟ್ ಹೊಡೆದಿದ್ದೆ. ಎರಡೇ ವಾರ. ಫ್ಲಾಪಿ ಡ್ರೈವ್ ಬಾಯಿಯ ಸುತ್ತ ಉಗುರು ತಾಗಿದರೆ ಸಾಕು, ಬಣ್ಣ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು. ತಪ್ಪು ನನ್ನದೇ. ವರ್ಷಗಟ್ಟಲೆ ಕೂತಿದ್ದ ಕೈಜಿಡ್ಡು ತೆಗೆದೇ ಇರಲಿಲ್ಲ.

ಈ ಸಲ ಬೋರ್ಡು, ವೈರು ಎಲ್ಲ ಬಿಚ್ಚಿಟ್ಟು, ಆ ಬಣ್ಣ ಕೆರೆದು, ಸೋಪು ನೀರಲ್ಲಿ ತೊಳೆದೆ. 400 ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ನುಣ್ಣನೆ ಸ್ಯಾಂಡ್ ಪೇಪರು) ಹೊಳಪು ಹೋಗುವಷ್ಟು ಮಾತ್ರ ಉಜ್ಜಿದೆ. ಜಾಸ್ತಿ ಉಜ್ಜಿದರೆ ಪ್ಲಾಸ್ಟಿಕ್ಕಿನ ಮೂಲ ತರಿತರಿ ಹೋಗಿಬಿಡುತ್ತೆ, ಚೆಂದ ಇರೋದೇ ಅದರಲ್ಲಿ ಅಲ್ವಾ? ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. (ಅಸಿಟೋನ್ ಬೇಡವೇ ಬೇಡ, ಕೇಸಿನ ಎಬಿಎಸ್ ಪ್ಲಾಸ್ಟಿಕ್ಕೇ ಕರಗುತ್ತದೆ.) ಆಮೇಲೆ ಬಣ್ಣ ಹಿಡಿದುಕೊಳ್ಳಲಿ ಅಂತ ಪ್ಲಾಸ್ಟಿಕ್ ಪ್ರೈಮರ್, ಮೇಲೆ ಬಣ್ಣದ ಮೂರು ತೆಳು ಕೋಟು.

ಈಗ ಕೆರೆದರೂ ಏಳುತ್ತಿಲ್ಲ. ಪವರ್ ಬಟನ್ ಮಾತ್ರ ಬಣ್ಣದ ದಪ್ಪಕ್ಕೆ ಸಿಕ್ಕಿಕೊಂಡಿತ್ತು. ಅಂಚು ಸ್ವಲ್ಪ ಉಜ್ಜಿದೆ, ಮತ್ತೆ ಟಕ್ ಅನ್ನುತ್ತಿದೆ.