ನನ್ನ ಅನುಭವ: ಒಂದೇ ಗೇಮಿನ ದುಡ್ಡಲ್ಲಿ ವರ್ಷಪೂರ್ತಿ ಆಡಿದ್ದು

ಹೋದ ವರ್ಷ ಗೇಮ್‌ಗಳಿಗೆ ಅಂತ ನನ್ನ ಜೇಬಿನಿಂದ ಹೋಗಿದ್ದು ಹತ್ತಿರ ಹತ್ತಿರ 70 ಪೌಂಡ್. ಇಲ್ಲಿ ಇಂಗ್ಲೆಂಡಿನಲ್ಲಿ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5ರ (ಪಿಎಸ್5) ಒಂದು ಹೊಸ ದೊಡ್ಡ ಗೇಮಿಗೆ ಅಷ್ಟೇ ಬೆಲೆ. ಅಷ್ಟು ದುಡ್ಡಲ್ಲಿ ನಾನು ಆಡಿ ಮುಗಿಸಿದ್ದು ಹದಿನೈದಕ್ಕೂ ಜಾಸ್ತಿ. ಎಲ್ಲವೂ ಡಿಸ್ಕ್ ಇಲ್ಲವೇ ಕಾರ್ಟ್ರಿಜ್. ಡೌನ್‌ಲೋಡ್ ಅಂತ ಒಂದು ಪೈಸೆ ಕೊಟ್ಟಿಲ್ಲ.

ಇದನ್ನು ಬರೆಯೋಕೆ ಕಾರಣ ಗೇಮ್ ಆಡುವ ನಮ್ಮ ಗುಂಪಿನ ಹುಡುಗರು. 2024ರ ಫೆಬ್ರುವರಿಯಲ್ಲಿ ಇಲ್ಲಿನ ‘ಗೇಮ್’ ಅನ್ನೋ ಸರಣಿಯ ಅಂಗಡಿಗಳು ಹಳೇ ಡಿಸ್ಕ್ ತಗೊಳ್ಳೋದನ್ನು ನಿಲ್ಲಿಸಿದವು. ಅವತ್ತು ಮಂಡ್ಯದ ಗೆಳೆಯನೊಬ್ಬ, "ಗುರು, ಇನ್ನು ನಿನ್ನ ಗುಜರಿ ವ್ಯಾಪಾರಕ್ಕೆ ಬಾಗಿಲು ಹಾಕು, ಸುಮ್ನೆ ಡಿಜಿಟಲ್ ತಗೊ" ಅಂತ ಗುಂಪಿನಲ್ಲಿ ಹಾಕಿದ. ಉಳಿದವರೆಲ್ಲ ಹೆಬ್ಬೆರಳು ಎತ್ತಿದರು. ಈಗ ಅದೇ ಗೆಳೆಯ ಡಿಸ್ಕ್ ಹಾಕೋಕೆ ಬಾರದ ತನ್ನ ಡಿಜಿಟಲ್ ಪಿಎಸ್5ಗೆ ಬೇರೆಯಾಗಿ ಡಿಸ್ಕ್ ಡ್ರೈವ್ ಹುಡುಕುತ್ತಿದ್ದಾನೆ.

ನಾನು ಮಾಡೋದು ಟ್ರೇಡ್-ಇನ್, ಅಂದ್ರೆ ಆಡಿ ಮುಗಿದ ಗೇಮನ್ನು ಅಂಗಡಿಗೆ ಕೊಟ್ಟು ಆ ಬೆಲೆಯಲ್ಲಿ ಇನ್ನೊಂದು ತಗೊಳ್ಳೋದು. ನೇರ ಲೆಕ್ಕಕ್ಕೆ ಬರುತ್ತೇನೆ.

2020ರಲ್ಲಿ ಪಿಎಸ್5 ಬಂದಾಗ ಡಿಸ್ಕ್ ಇರೋ ಮಾಡೆಲ್ ಇಲ್ಲಿ 449.99 ಪೌಂಡ್, ಇಲ್ಲದ್ದು 359.99. ಆ 90 ಪೌಂಡ್ ಉಳಿಸಿದೆವು ಅಂತ ಖುಷಿಪಟ್ಟವರು ಆಮೇಲೆ ಒಂದೊಂದು ಗೇಮಿಗೂ ಸೋನಿಯ ಅಂಗಡಿ ಹೇಳಿದ ರೇಟನ್ನೇ ಕೊಡಬೇಕು. ಆಡಿ ಮುಗಿದ ಮೇಲೆ ಮಾರುವ ಹಾಗೂ ಇಲ್ಲ. ನನಗೆ ಆ 90 ಪೌಂಡ್ ವಾಪಸ್ ಬಂದಿದ್ದು ಸುಮಾರು ನಾಲ್ಕೈದು ತಿಂಗಳಲ್ಲಿ.

ನನ್ನ ಪದ್ಧತಿಯ ಬೆನ್ನೆಲುಬು ಒಂದೇ: ಹಾಕಿದ ದುಡ್ಡು ವೋಚರ್ ರೂಪದಲ್ಲೇ, ಅಂದ್ರೆ ಅದೇ ಅಂಗಡಿಯಲ್ಲಿ ಖರ್ಚು ಮಾಡಬಹುದಾದ ಚೀಟಿಯಾಗಿ, ಸುತ್ತುತ್ತಿರಬೇಕು. ಸೆಕೆಂಡ್ ಹ್ಯಾಂಡ್ ಮಾಲಿನ ಸರಣಿ ಅಂಗಡಿ ಸಿಇಎಕ್ಸ್‌ನಲ್ಲಿ ಹಳೇ ಡಿಸ್ಕಿಗೆ ಎರಡು ರೇಟು. ಕ್ಯಾಶ್ ಬೇಕಾದ್ರೆ ಕಡಿಮೆ, ವೋಚರ್ ಆದ್ರೆ ಜಾಸ್ತಿ. ಅವರು 20 ಪೌಂಡಿಗೆ ಮಾರೋ ಗೇಮಿಗೆ ನನಗೆ ಸಿಕ್ಕಿದ್ದು ಕ್ಯಾಶ್ ಲೆಕ್ಕದಲ್ಲಿ 8-9, ವೋಚರ್ ಲೆಕ್ಕದಲ್ಲಿ 12-13 ಪೌಂಡಿನ ಆಸುಪಾಸು. ಕ್ಯಾಶ್ ಮುಟ್ಟಿದ ಕ್ಷಣ ಬಂಡವಾಳದಲ್ಲಿ ಕಾಲು ಭಾಗಕ್ಕೂ ಜಾಸ್ತಿ ಕರಗುತ್ತೆ. ಹಾಗಾಗಿ ವರ್ಷದ ಶುರುವಿನಲ್ಲಿ ಒಂದಿಷ್ಟು ದುಡ್ಡು ಹಾಕಿ, ಆಮೇಲೆ ಪೂರ್ತಿ ಬದಲಾವಣೆಯಲ್ಲೇ ನಡೆಸೋದು.

ಆದ್ರೆ ವೋಚರ್ ಕೂಡಿಡಬೇಡಿ. ‘ಗೇಮ್’ ಸರಣಿ 2012ರ ಮಾರ್ಚಿನಲ್ಲಿ ದಿವಾಳಿ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. 609 ಅಂಗಡಿಗಳಲ್ಲಿ 277 ಒಂದೇ ಏಟಿಗೆ ಮುಚ್ಚಿದವು. ಆಗ ಗಿಫ್ಟ್ ಕಾರ್ಡ್, ರಿವಾರ್ಡ್ ಪಾಯಿಂಟ್ ಯಾವುದೂ ಕೌಂಟರಿನಲ್ಲಿ ನಡೆಯಲಿಲ್ಲ. ಮರುವರ್ಷ ಜನವರಿಯಲ್ಲಿ ಹಾಡು, ಸಿನಿಮಾ ಡಿಸ್ಕ್ ಮಾರುವ ಎಚ್‌ಎಂವಿ ಸರಣಿಯ ಸರದಿ. ಅಲ್ಲೂ ಮೊದಲು ಗಿಫ್ಟ್ ಕಾರ್ಡ್ ತಗೊಳ್ಳಲ್ಲ ಅಂದರು, ಕೆಲವು ದಿನ ಬಿಟ್ಟು ಒಪ್ಪಿಕೊಂಡರು. ವೋಚರ್ ಅಂದ್ರೆ ನಾವು ಅಂಗಡಿಗೆ ಕೊಟ್ಟ ಸಾಲ, ಅಷ್ಟೇ. 30 ಪೌಂಡ್ ದಾಟಿದರೆ ಅವತ್ತೇ ಏನಾದ್ರೂ ತಗೊಂಡು ಬರುತ್ತೇನೆ.

ಶರತ್ತುಗಳನ್ನೂ ಒಮ್ಮೆ ಓದಿ. 2010ರ ಏಪ್ರಿಲ್ 1ರಂದು ಗೇಮ್‌ಸ್ಟೇಷನ್ ಅನ್ನೋ ಗೇಮ್ ಅಂಗಡಿ ಸರಣಿ ತನ್ನ ಆನ್‌ಲೈನ್ ಶರತ್ತುಗಳ ನಡುವೆ, ಕೊಳ್ಳುವವರ ಆತ್ಮದ ಮೇಲೆ ಹಕ್ಕು ತಮ್ಮದು ಅಂತ ಒಂದು ಸಾಲು ತೂರಿಸಿತ್ತು. ಸುಮಾರು 7,500 ಜನ ಕಣ್ಣುಮುಚ್ಚಿ ಒಪ್ಪಿಗೆ ಕೊಟ್ಟರು. ಗಮನಿಸಿ ಬೇಡ ಅಂದವರಿಗೆ 5 ಪೌಂಡಿನ ವೋಚರ್ ಸಿಕ್ಕಿತು. ತಮಾಷೆಗೆ ಮಾಡಿದ್ದೇ, ಆದ್ರೆ ನಾನು ಆಮೇಲಿಂದ ವೋಚರಿನ ಹಿಂಬದಿ ಓದದೆ ಕೌಂಟರ್ ಬಿಡಲ್ಲ.

ಇನ್ನು ಯಾವ ಗೇಮ್ ಯಾವಾಗ. ನಾನು ಗೇಮ್‌ಗಳನ್ನು ಉದ್ದದ ಮೇಲೆ ಎರಡು ರಾಶಿ ಮಾಡುತ್ತೇನೆ. ಹನ್ನೆರಡರಿಂದ ಇಪ್ಪತ್ತೈದು ಗಂಟೆಯಲ್ಲಿ ಮುಗಿಯುವ ಕಥೆಯ ಗೇಮ್ ಆದ್ರೆ ಬಂದ ವಾರವೇ ತಗೋಬೇಕು. ನಿಮಗೆ ಇದು ಉಲ್ಟಾ ಅನ್ನಿಸಬಹುದು. ಮೊದಲ ಎರಡು ಮೂರು ವಾರ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಆ ಡಿಸ್ಕ್ ಇರೋದೇ ಇಲ್ಲ, ಅದಕ್ಕೇ ಒಳ್ಳೆ ರೇಟು ಕೊಡುತ್ತಾರೆ. ಹೊಸದನ್ನು ಎಲ್ಲಿ 55ರ ಆಸುಪಾಸಿಗೆ ಸಿಗುತ್ತೋ ಅಲ್ಲಿ ತಗೊಂಡು, ಎರಡು ವಾರಾಂತ್ಯದಲ್ಲಿ ಮುಗಿಸಿ, 42ರ ಹತ್ತಿರ ವೋಚರ್ ಮಾಡಿಕೊಂಡದ್ದು ನನ್ನಲ್ಲಿ ಉಂಟು. ಖರ್ಚು 13 ಪೌಂಡ್. ಒಂದು ತಿಂಗಳು ತಡ ಮಾಡಿದ್ದರೆ ಅದೇ ಡಿಸ್ಕಿಗೆ 28 ಸಿಗುತ್ತಿತ್ತೇನೋ.

ನೂರು ಗಂಟೆ ನುಂಗುವ ದೊಡ್ಡ ಗೇಮ್‌ಗಳು ಇನ್ನೊಂದು ರಾಶಿ. ಅವನ್ನು ಬಂದ ವಾರ ತಗೊಂಡ್ರೆ ಮುಗಿಯೋ ಹೊತ್ತಿಗೆ ಬೆಲೆ ನೆಲಕ್ಕೆ ಬಿದ್ದಿರುತ್ತೆ. ಎಂಟು ಹತ್ತು ತಿಂಗಳು ಬಿಡಿ. 20 ಪೌಂಡಿಗೆ ತಂದು, ನಿಧಾನಕ್ಕೆ ಆಡಿ, 11-12ಕ್ಕೆ ಕೊಡಿ. ಬೆಲೆ ಒಮ್ಮೆ ಇಳಿದ ಮೇಲೆ ಅಲ್ಲೇ ನಿಂತಿರುತ್ತೆ.

ಫುಟ್‌ಬಾಲ್ ಗೇಮ್‌ಗಳದ್ದು ಹೂವಿನ ವ್ಯಾಪಾರ, ಸಂಜೆ ಆಗೋದ್ರೊಳಗೆ ಮಾರಿಬಿಡಬೇಕು. ಫಿಫಾ ಹೆಸರಿದ್ದಾಗಲೂ ಅಷ್ಟೇ, 2023ರಿಂದ ಇಎ ಸ್ಪೋರ್ಟ್ಸ್ ಎಫ್‌ಸಿ ಆದ ಮೇಲೂ ಅಷ್ಟೇ. ಹೊಸದು ಸೆಪ್ಟೆಂಬರ್ ಕೊನೆಗೆ ಬರುತ್ತೆ. ಜುಲೈ ದಾಟಿ ಮನೆಯಲ್ಲಿ ಇಟ್ಟುಕೊಂಡರೆ ಆಮೇಲೆ ಚಾರಿಟಿ ಶಾಪಿನ ಡಬ್ಬಿಗೇ ಗತಿ. ನಿಂಟೆಂಡೊ ಕಂಪನಿಯ ಗೇಮ್‌ಗಳು ಇದಕ್ಕೆ ಪೂರ್ತಿ ತದ್ವಿರುದ್ಧ. ಮಾರಿಯೋ ಕಾರ್ಟ್ 8 ಡಿಲಕ್ಸ್ ಬಂದಿದ್ದು 2017ರಲ್ಲಿ. ನಾನು ವರ್ಷಗಳ ನಂತರ 35ರ ಹತ್ತಿರ ಕೊಟ್ಟು ಸೆಕೆಂಡ್ ಹ್ಯಾಂಡ್ ತಂದೆ. ಮಕ್ಕಳು ಎರಡು ವರ್ಷ ಹಿಂಡಿದ ಮೇಲೂ 26 ಪೌಂಡ್ ವೋಚರ್ ಸಿಕ್ಕಿತು. ಅದು ಬಾಡಿಗೆಗಿಂತ ಅಗ್ಗ ಅಲ್ವಾ?

ಈ ಪದ್ಧತಿಗೆ ದೊಡ್ಡ ಹೊಡೆತ ಬೀಳೋದು ಸೋನಿಯ ಪಿಎಸ್ ಪ್ಲಸ್‌ನಂಥ ಚಂದಾ ಸೇವೆಗಳಿಂದ. ಮೊದಲ ವರ್ಷ ನನ್ನ ನಷ್ಟದಲ್ಲಿ ಅರ್ಧಕ್ಕರ್ಧ ಅಲ್ಲೇ ಹೋಯಿತು. 24 ಪೌಂಡ್ ಕೊಟ್ಟು ತಂದ ಗೇಮ್ ಮುಂದಿನ ತಿಂಗಳು ಪಿಎಸ್ ಪ್ಲಸ್‌ನಲ್ಲಿ ಎಲ್ಲರಿಗೂ ಸಿಕ್ಕಿತು. ವಾರದೊಳಗೆ ವೋಚರ್ ರೇಟು 5 ಪೌಂಡಿಗೆ ಇಳಿಯಿತು. ತಿಂಗಳ ಗೇಮ್‌ಗಳು ಶುರುವಾಗೋದು ಸಾಮಾನ್ಯವಾಗಿ ಮೊದಲ ಮಂಗಳವಾರ, ಪಟ್ಟಿ ಹೊರಬೀಳೋದು ಅದರ ಹಿಂದಿನ ಬುಧವಾರ. ಬುಧವಾರ ಸಂಜೆಯೇ ಅಂಗಡಿಗೆ ಓಡಿದ್ದೂ ಇದೆ. ಈಗ ಓಡಲ್ಲ. ಯಾವ ಗೇಮ್ ಚಂದಾಕ್ಕೆ ಹೋಗುತ್ತೆ ಅಂತ ಮೊದಲೇ ಊಹಿಸೋಕೆ ನನ್ನದೊಂದು ಗುರುತು ಇದೆ. ಹತ್ತರಲ್ಲಿ ಏಳು ಸಲ ಸರಿ ಬರುತ್ತೆ. ಅದನ್ನು ಇಲ್ಲಿ ಹೇಳಲ್ಲ, ಹೇಳಿದ್ರೆ ನಾವೆಲ್ಲ ಒಂದೇ ಕೌಂಟರಿನಲ್ಲಿ ಒಂದೇ ದಿನ ನಿಂತಿರುತ್ತೇವೆ.

ಹೇಳಬಹುದಾದ ಇನ್ನೊಂದು ಉಪಾಯ ಇದೆ. ಕೆಲವು ಗೇಮ್‌ಗಳ ಪಿಎಸ್4 ಡಿಸ್ಕ್ ಹಾಕಿದರೆ ಪಿಎಸ್5 ಆವೃತ್ತಿ ಪುಕ್ಕಟೆ ಸಿಗುತ್ತೆ. ಸೈಬರ್‌ಪಂಕ್ 2077, ವಿಚರ್ 3 ಎರಡೂ ಹಾಗೆ. ಅಂಗಡಿಯಲ್ಲಿ ಪಿಎಸ್4 ಡಬ್ಬಿ ಎಷ್ಟೋ ಸಲ ಐದಾರು ಪೌಂಡ್ ಅಗ್ಗ. ಆಡುವಾಗ ಡಿಸ್ಕ್ ಒಳಗೇ ಇರಬೇಕು, ಅಷ್ಟೇ.

ಕೌಂಟರಿನಲ್ಲಿ ಡಿಸ್ಕ್ ನೋಡದೆ ಮಾತ್ರ ತರಬೇಡಿ. ನಾನು ಹೋಗುವ ಒಂದು ಅಂಗಡಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಅವನಿಂದ ಕಲಿತಿದ್ದು ಜಾಸ್ತಿ. ಡಿಸ್ಕನ್ನು ಅಂಚಿನಲ್ಲಿ ಮಾತ್ರ ಹಿಡಿದು ಮೊದಲು ನಡುವಿನ ತೂತನ್ನು ನೋಡುತ್ತಾನೆ. ಅಲ್ಲಿ ಪಾರದರ್ಶಕ ಉಂಗುರದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ವಾಪಸ್. ಆಮೇಲೆ ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ ನಿಧಾನಕ್ಕೆ ತಿರುಗಿಸುತ್ತಾನೆ. ನಡುವಿನಿಂದ ಹೊರಗೆ ಹೋದ ಗೀರಿಗೆ ತಲೆ ಕೆಡಿಸಿಕೊಳ್ಳಲ್ಲ. ಟ್ರ್ಯಾಕಿನ ಜೊತೆಗೇ ಸುತ್ತುವ ಗೀರು ಕಂಡರೆ ತಲೆ ಅಲ್ಲಾಡಿಸುತ್ತಾನೆ. ಎಕ್ಸ್‌ಬಾಕ್ಸ್ 360 ಅನ್ನೋ ಹಳೇ ಗೇಮ್ ಯಂತ್ರದ ಡಿಸ್ಕ್‌ಗಳಲ್ಲಿ ಇದು ಮಾಮೂಲು. ಡಿಸ್ಕ್ ತಿರುಗುವಾಗ ಯಂತ್ರವನ್ನು ಅಲ್ಲಾಡಿಸಿದರೆ ಒಂದು ಪೂರ್ತಿ ವೃತ್ತ ಕೊರೆದುಬಿಡುತ್ತೆ.

ಗೀರಿನ ಮಾತು ಬಂತು, ನನ್ನ ಪಾಲಿಶ್ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಕಾರ್ ಬೂಟ್ ಸೇಲಿನಲ್ಲಿ, ಅಂದ್ರೆ ಜನ ಕಾರಿನ ಡಿಕ್ಕಿಯಲ್ಲಿಟ್ಟು ಹಳೇ ಸಾಮಾನು ಮಾರುವ ಸಂತೆಯಲ್ಲಿ, 3 ಪೌಂಡಿಗೆ ಕೈಯಲ್ಲಿ ತಿರುಗಿಸುವ ಡಿಸ್ಕ್ ರಿಪೇರಿ ಯಂತ್ರ ಸಿಕ್ಕಿತ್ತು. ಪಿಎಸ್2 ಡಿಸ್ಕ್‌ಗಳ ಮೇಲೆ ಸುಮಾರಾಗಿ ಕೆಲಸ ಮಾಡಿತು, ಮೂರರಲ್ಲಿ ಎರಡು ಬದುಕಿದವು. ಪಿಎಸ್4 ಡಿಸ್ಕ್ ಮೇಲೆ ತಿರುಗಿಸಿದ್ದು ಶುದ್ಧ ದಂಡ. ಸಿಡಿಯಲ್ಲಿ ಮಾಹಿತಿಯ ಪದರದ ಕೆಳಗೆ 1.2 ಮಿಲಿಮೀಟರ್ ಪ್ಲಾಸ್ಟಿಕ್ ಇರುತ್ತೆ, ಡಿವಿಡಿಯಲ್ಲಿ 0.6. ಉಜ್ಜೋಕೆ ಜಾಗ ಇದೆ. ಪಿಎಸ್4ನದ್ದು ಬ್ಲೂ-ರೇ, ಅದರಲ್ಲಿ ಇರೋದು ಬರೀ 0.1. ಮೇಲೆ ಗಟ್ಟಿ ಲೇಪನ ಇರೋದ್ರಿಂದ ಸುಲಭಕ್ಕೆ ಗೀರು ಬೀಳಲ್ಲ, ಆಳಕ್ಕೆ ಬಿದ್ದರೆ ಕಥೆ ಮುಗೀತು. ಅಂದಹಾಗೆ ಪಿಎಸ್2ನಲ್ಲಿ ಬದುಕಿಸಿದ ಬಹುಪಾಲು ಕ್ರೀಡಾ ಗೇಮ್‌ಗಳಿಗೆ ಐವತ್ತು ಪೆನ್ಸ್ ಕೂಡ ಹುಟ್ಟಲ್ಲ. ಆ ಕಾಲದ ಹಾರರ್ ಗೇಮ್‌ಗಳು ಸಿಕ್ಕರೆ ಮಾತ್ರ ಕೈ ನೋಯಿಸಿಕೊಳ್ಳಿ.

ನಿಂಟೆಂಡೊದ ಹಳೇ ಕೈಯಂತ್ರ ಗೇಮ್ ಬಾಯ್‌ನ ಕಾರ್ಟ್ರಿಜ್‌ಗಳಲ್ಲಿ ಲಾಭ ಚೆನ್ನಾಗಿತ್ತು. ಪೊಕೆಮಾನ್ ರೂಬಿ, ಸಫೈರ್ ಹಾಕಿದಾಗ ಒಳಗಿನ ಬ್ಯಾಟರಿ ಖಾಲಿ ಅಂತ ಬರುತ್ತೆ. ಕೆಟ್ಟುಹೋಗಿದೆ ಅಂದುಕೊಂಡು ಜನ ಅಗ್ಗಕ್ಕೆ ಕೊಡುತ್ತಾರೆ. ಆ ಬ್ಯಾಟರಿ ನಡೆಸೋದು ಗಡಿಯಾರವನ್ನು ಮಾತ್ರ. ಸೇವ್ ಆದದ್ದಕ್ಕೆ, ಅಂದ್ರೆ ಆಡಿ ಉಳಿಸಿಟ್ಟ ಆಟಕ್ಕೆ, ಏನೂ ಆಗಲ್ಲ. ಹಳೇ ಗೋಲ್ಡ್, ಸಿಲ್ವರ್‌ನಲ್ಲಿ ಹಾಗಲ್ಲ, ಬ್ಯಾಟರಿ ಹೋದರೆ ಸೇವ್ ಕೂಡ ಹೋಯಿತು. ನಕಲಿ ಕಾಟವೂ ಜೋರು. ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್ ಆದ್ರೆ ಯಂತ್ರಕ್ಕೆ ಸಿಕ್ಕಿಸುವ ಬಾಯಿಯ ಕಡೆಯಿಂದ ಇಣುಕಿ, ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಬೋರ್ಡಿನಲ್ಲಿ ನಿಂಟೆಂಡೊ ಹೆಸರು ಕಾಣಬೇಕು. ಲೇಬಲ್ ಮೇಲೆ ಬೆರಳು ಸವರಿದರೆ ಒತ್ತಿದ ಎರಡಂಕಿ ಸಂಖ್ಯೆ ತಾಕಬೇಕು. ಒಂದು ಬೇಸಿಗೆ ಇದರಲ್ಲೇ 150ರ ಹತ್ತಿರ ವೋಚರ್ ಹುಟ್ಟಿಸಿದೆ. ಹೀಗೆ ಮಾರೋಕಂತಲೇ ತರುವವರು ಒಂದು ನೆನಪಿಡಿ. ವ್ಯಾಪಾರದಿಂದ ಬಂದದ್ದು ತೆರಿಗೆ ವರ್ಷಕ್ಕೆ 1,000 ಪೌಂಡ್ ದಾಟಿದರೆ ತೆರಿಗೆಯವರಿಗೆ ತಿಳಿಸಬೇಕು. ಆ ಗಡಿಯ ಹತ್ತಿರ ಹೋಗೋಕೆ ನನಗಂತೂ ಪುರುಸೊತ್ತಿಲ್ಲ.

ಒಂದು ಜಗಳದ ವಿಷಯ. ಒಂದು ಸರಣಿ ಅಂಗಡಿಯಿಂದ 30 ಪೌಂಡಿಗೆ ಹಳೇ ಕಂಟ್ರೋಲರ್ ತಂದೆ. ಹತ್ತು ದಿನಕ್ಕೆ ಎಡಗಡೆ ಸ್ಟಿಕ್ ತಾನೇ ಜಾರತೊಡಗಿತು. ಸೆಕೆಂಡ್ ಹ್ಯಾಂಡ್ ಮಾಲು, ರಿಪೇರಿಗೆ ಬೇಕಾದ್ರೆ ಕಳಿಸುತ್ತೇವೆ, ದುಡ್ಡು ಕೊಡಲ್ಲ ಅಂದರು. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹಳೇ ಮಾಲಿಗೂ ಅನ್ವಯಿಸುತ್ತೆ, ದೋಷ ಇದ್ದರೆ 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ದನಿ ಏರಿಸದೆ ಅದನ್ನೇ ಎರಡು ಸಲ ಹೇಳಿದೆ. ಮ್ಯಾನೇಜರ್ ಒಳಗೆ ಹೋಗಿ ಬಂದು ಕಾರ್ಡಿಗೆ ದುಡ್ಡು ಹಾಕಿದರು. ರಸೀದಿ ಇತ್ತು, ಅದಕ್ಕೇ ಕೆಲಸ ಸಲೀಸಾಯಿತು. ರಸೀದಿಯನ್ನು ಡಬ್ಬಿಯೊಳಗೇ ಮಡಚಿಡಿ.

ನಮ್ಮನೆಯವಳ ಆಕ್ಷೇಪ ಬೇರೆ ಥರ. "ಪ್ರತಿ ಶನಿವಾರ ಬಸ್ಸಿಗೆ ಕೊಡೋದನ್ನೂ ಲೆಕ್ಕಕ್ಕೆ ಹಿಡೀರಿ" ಅಂದಳು. ಹಿಡಿದೆ. ಬಸ್ಸು ಸೇರಿಸಿದರೂ 110 ದಾಟಲ್ಲ. ತರಕಾರಿ ತರೋಕೆ ಹೇಗೂ ಪೇಟೆಗೆ ಹೋಗಲೇಬೇಕು, ಅದನ್ನು ಅವಳ ಲೆಕ್ಕಕ್ಕೆ ಬರೆದಿದ್ದೇನೆ.

ಈಗ ಕೈಯಲ್ಲಿರೋ ಪ್ರಯೋಗ ನಿಂಟೆಂಡೊದ ಗೇಮ್ ಯಂತ್ರ ಸ್ವಿಚ್ 2ರದ್ದು. 2025ರ ಜೂನಿನಲ್ಲಿ ಬಂದ ಅದರ ಎಷ್ಟೋ ಗೇಮ್ ಡಬ್ಬಿಗಳಲ್ಲಿ ಇರೋದು ಗೇಮ್-ಕೀ ಕಾರ್ಡ್. ಕಾರ್ಡಿನಲ್ಲಿ ಗೇಮ್ ಇರಲ್ಲ, ಡೌನ್‌ಲೋಡ್ ಮಾಡಿಕೊಳ್ಳಬೇಕು, ಆದ್ರೆ ಆಡೋಕೆ ಕಾರ್ಡ್ ಒಳಗಿರಬೇಕು. ಹಾಗಾಗಿ ಮಾರಬಹುದು. ಬರೀ ಡೌನ್‌ಲೋಡ್ ಕೋಡ್ ಇರೋ ಡಬ್ಬಿ ಮಾತ್ರ ಮುಟ್ಟಬೇಡಿ, ಕೋಡ್ ಬಳಸಿದ ಮೇಲೆ ಅದು ಖಾಲಿ ಪ್ಲಾಸ್ಟಿಕ್. ಡಬ್ಬಿಯ ಮುಂದೆ ಕೆಳಗಡೆ ಯಾವುದು ಅಂತ ಬರೆದಿರುತ್ತೆ. ಒಂದು ಕೀ ಕಾರ್ಡ್ ಗೇಮ್ ತಂದು, ಮುಗಿಸಿ, ವಾಪಸ್ ಕೊಟ್ಟೆ. ತಗೊಂಡರು. ಪೂರ್ತಿ ಗೇಮ್ ಇರೋ ಕಾರ್ಡಿಗೆ ಕೊಡುವುದಕ್ಕಿಂತ ನಾಲ್ಕೈದು ಪೌಂಡ್ ಕಡಿಮೆ ಬಂತು. ಇನ್ನೂ ಎರಡು ಮೂರು ಕೊಟ್ಟು ನೋಡಿದ ಮೇಲೆ ಆ ರೇಟು ಎಲ್ಲಿ ನಿಲ್ಲುತ್ತೆ ಅಂತ ಗುಂಪಿನಲ್ಲಿ ಹಾಕುತ್ತೇನೆ.