ಶಾರ್ಟ್‌ವೇವ್ ಕೇಳಿ ಗಡಿಯಾರ ಹೊಂದಿಸುವುದು ಹೇಗೆ? ಬೇಲಿಯ ಟಿಕ್ ಮಾತ್ರ ನಂಬಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳ ಜಗಲಿಯ ಗೋಡೆಯಲ್ಲಿ ಲೋಲಕದ ಗಡಿಯಾರ ಇನ್ನೂ ನೇತಾಡುತ್ತಿದೆ. ವಾರಕ್ಕೊಮ್ಮೆ ಚಾವಿ ಕೊಡುತ್ತಾರೆ, ಗಂಟೆಯೂ ಬಡಿಯುತ್ತದೆ, ಸಮಯ ಮಾತ್ರ ಮನೆಗೊಂದು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಮರುದಿನಕ್ಕೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ನಿಂತ ಗಡಿಯಾರಕ್ಕೆ ಸರಿ ಸಮಯ ಕೊಡಲು ಯಾರೂ ಸಿಗುವುದಿಲ್ಲ. ಅಟ್ಟದಲ್ಲಿ ಶಾರ್ಟ್‌ವೇವ್ ರೇಡಿಯೋ ಇದ್ದವರು ಇಂಥ ಹೊತ್ತಿನಲ್ಲಿ ಅದನ್ನು ಇಳಿಸುತ್ತಾರೆ. ಸೆಕೆಂಡಿಗೊಂದು ಟಿಕ್ ಬಿತ್ತರಿಸಿ ಸಮಯ ತಿಳಿಸುವ ನಿಲ್ದಾಣಗಳು ಅದರಲ್ಲಿ ಸಿಗುತ್ತವೆ. ಆದರೆ ಆ ಟಿಕ್ ಬಿಟ್ಟು ಇನ್ನೇನನ್ನೋ ಕೇಳಿ, ಮೊದಲಿಗಿಂತ ಹೆಚ್ಚು ತಪ್ಪಾಗಿ ಗಡಿಯಾರ ಹೊಂದಿಸಿ, ಈಗ ಸರಿಯಾಯಿತು ಎನ್ನುತ್ತಾರೆ. ಅದನ್ನು ನೋಡಿ ನೋಡಿ ಈ ಲೇಖನ ಬರೆಯಬೇಕಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋನಿಗೆ ನೆಟ್‌ವರ್ಕ್ ಇದ್ದು, ಸೆಕೆಂಡು ಆಚೀಚೆಯಾದರೆ ನಿಮಗೆ ಚಿಂತೆ ಇಲ್ಲವಾದರೆ ಫೋನ್ ನೋಡಿಯೇ ಗಡಿಯಾರ ಹೊಂದಿಸಿ. ಟೀವಿಯ ಮೂಲೆಯ ಗಡಿಯಾರ ನೋಡಿ ಮಾತ್ರ ಬೇಡ. ಡಿಶ್‌ನಲ್ಲಿ ಬರುವ ಚಿತ್ರ ಕೆಲವು ಸೆಕೆಂಡು ತಡವಾಗಿಯೇ ಬರುತ್ತದೆ. ಆ್ಯಪ್‌ನಲ್ಲಿ ಕೇಳುವ ಆಕಾಶವಾಣಿ ಇನ್ನೂ ಹಿಂದೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಹನ್ನೆರಡು ಎನ್ನುವವರಿಗೂ ಒಂದು ಲೆಕ್ಕವಿದೆ. ಭಾರತದ ಸಮಯ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ, ಕಾರವಾರ ಇರುವುದು 74.1ರ ಆಸುಪಾಸಿನಲ್ಲಿ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿನ ಸರಾಸರಿ ಮಧ್ಯಾಹ್ನ 12 ಗಂಟೆ 33 ನಿಮಿಷಕ್ಕೆ. ಶಿರಸಿಗೆ ಅದು ಮೂರು ನಿಮಿಷ ಬೇಗ ಬರುತ್ತದೆ. ಅದರ ಮೇಲೆ ಫೆಬ್ರುವರಿಯಲ್ಲಿ ಸೂರ್ಯ 14 ನಿಮಿಷ ತಡ, ನವೆಂಬರ್ ಆರಂಭದಲ್ಲಿ 16 ನಿಮಿಷ ಬೇಗ.

ರೇಡಿಯೋ

ಸಂತೆಯಲ್ಲಿ ‘12 ಬ್ಯಾಂಡ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಅಗ್ಗದ ರೇಡಿಯೋ ಸಿಗುತ್ತದೆ. ಅದನ್ನು ಕೊಳ್ಳಬೇಡಿ. ಅಂಥವುಗಳಲ್ಲಿ ಹೆಚ್ಚಿನವು ಬಾನುಲಿ ನಿಲ್ದಾಣಗಳಿರುವ ತುಂಡುಗಳನ್ನಷ್ಟೇ ಹಿಡಿಯುತ್ತವೆ. ಒಂದು ತುಂಡು 9.9 ಮೆಗಾಹರ್ಟ್ಸ್ ಹತ್ತಿರ ಮುಗಿಯುತ್ತದೆ, ಮುಂದಿನದು 11.6ರ ಹತ್ತಿರ ಶುರುವಾಗುತ್ತದೆ. ಸಮಯದ ಟಿಕ್ ಬರುವ, ನಮಗೆ ಬೇಕಾದ 10 ಮೆಗಾಹರ್ಟ್ಸ್ ಆ ಸಂದಿಯಲ್ಲೇ ಬಿದ್ದುಹೋಗುತ್ತದೆ. ಬೇಕಾದದ್ದು ಶಾರ್ಟ್‌ವೇವ್ ಪೂರ್ತಿ ತಡೆಯಿಲ್ಲದೆ ಹಿಡಿಯುವ, ಅಂಕಿ ಒತ್ತಿ 10000 ಕಿಲೋಹರ್ಟ್ಸ್ (ಅದೇ 10 ಮೆಗಾಹರ್ಟ್ಸ್) ಎಂದು ಹೇಳಬಹುದಾದ ಡಿಜಿಟಲ್ ರೇಡಿಯೋ. ಅಜ್ಜನ ಕಾಲದ ವಾಲ್ವ್ ಸೆಟ್ ಇದ್ದರೆ ಅದೂ ಆದೀತು. ಮುಳ್ಳು ತಿರುಗಿಸುವ ತಾಳ್ಮೆ ಬೇಕು.

ಇಂಟರ್ನೆಟ್‌ನಲ್ಲಿ ಯಾರದೋ ರಿಸೀವರ್ ತೆರೆದು ಅದರಲ್ಲಿ ಟಿಕ್ ಕೇಳುವ ಜಾಣತನ ಈಚೆಗೆ ಶುರುವಾಗಿದೆ. ಕೇಳಿ ಖುಷಿಪಡಲು ಅಡ್ಡಿಯಿಲ್ಲ. ಆದರೆ ಆ ಧ್ವನಿ ನಿಮ್ಮ ಕಿವಿಗೆ ಬರುವಷ್ಟರಲ್ಲಿ ಸೆಕೆಂಡುಗಳೇ ಕಳೆದಿರುತ್ತವೆ.

ತಂತಿ

ಹತ್ತು ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ, ಒಂದು ತುದಿ ಅಡಿಕೆ ಮರಕ್ಕೆ ನೈಲಾನ್ ಹಗ್ಗದಲ್ಲಿ, ಇನ್ನೊಂದು ತುದಿ ರೇಡಿಯೋದ ಏರಿಯಲ್‌ಗೆ ಕ್ಲಿಪ್ಪಿನಲ್ಲಿ. ಇಷ್ಟೇ. ಕಾರವಾರ, ಅಂಕೋಲಾ, ಕುಮಟಾದವರು ಬರಿಯ ತಂತಿ ಕಟ್ಟಿದರೆ ಉಪ್ಪುಗಾಳಿಗೆ ಬೇಗ ಹಸಿರುಗಟ್ಟುತ್ತದೆ. ಏಪ್ರಿಲ್‌, ಮೇ ತಿಂಗಳ ಗುಡುಗು ಕೇಳಿದ ಕೂಡಲೇ ಕ್ಲಿಪ್ ತೆಗೆದು ತಂತಿಯನ್ನು ಮನೆಯಿಂದ ಹೊರಗೆ ಎಸೆಯಿರಿ. ಇದರಲ್ಲಿ ರಾಜಿಯಿಲ್ಲ.

ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರ್, ಫೋನ್ ಚಾರ್ಜರ್ ಎಲ್ಲವೂ ಶಾರ್ಟ್‌ವೇವ್‌ಗೆ ಗದ್ದಲ ಸುರಿಯುತ್ತವೆ. ಮೇನ್ ಸ್ವಿಚ್ ಆಫ್ ಮಾಡಿ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕರೆಂಟು ಹೋದ ರಾತ್ರಿ ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು.

ಯಾವ ನಿಲ್ದಾಣ, ಯಾವ ಹೊತ್ತು

ಒಂದು ಕಾಲದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೇ ಎಟಿಎ ಎಂಬ ಹೆಸರಿನಲ್ಲಿ ಶಾರ್ಟ್‌ವೇವ್ ಮೇಲೆ ಸಮಯ ಬಿತ್ತರಿಸುತ್ತಿತ್ತು. ಈಗ ಅದಿಲ್ಲ. ನಮ್ಮ ಕರಾವಳಿಗೆ ಗಟ್ಟಿಯಾಗಿ ಕೇಳುವುದು ಚೀನಾದ ಶಾನ್ಶಿ ಪ್ರಾಂತ್ಯದ ಪುಚೆಂಗ್‌ನಿಂದ ಬರುವ ಬಿಪಿಎಂ. 5 ಮತ್ತು 10 ಮೆಗಾಹರ್ಟ್ಸ್‌ನಲ್ಲಿ ಹಗಲೂ ರಾತ್ರಿ ಇರುತ್ತದೆ, 15 ಮೆಗಾಹರ್ಟ್ಸ್‌ನಲ್ಲಿ ಹಗಲಿಗೆ ಮಾತ್ರ. ಸಂಜೆ ದೀಪ ಹಚ್ಚಿದ ಮೇಲೆ 10 ಹಾಕಿ, ರಾತ್ರಿ ಊಟ ಮುಗಿದ ಮೇಲೆ ಅದು ಮಂಕಾದರೆ 5ಕ್ಕೆ ಇಳಿಯಿರಿ. ಮಟಮಟ ಮಧ್ಯಾಹ್ನ ಕೂತು ‘ಏನೂ ಬರುವುದಿಲ್ಲ’ ಎನ್ನಬೇಡಿ.

ರಷ್ಯಾದ ಆರ್‌ಡಬ್ಲ್ಯುಎಂ 4.996, 9.996 ಮತ್ತು 14.996ರಲ್ಲಿದೆ, ಆದರೆ ಅದು ಸದ್ದು ಹೊರದ ಬರಿಯ ಅಲೆ. ಎಸ್‌ಎಸ್‌ಬಿ ಎಂಬ, ಬರಿಯ ಅಲೆಯನ್ನೂ ಸದ್ದಾಗಿಸುವ ಸೌಲಭ್ಯವಿಲ್ಲದ ರೇಡಿಯೋದಲ್ಲಿ ಅದರ ಟಿಕ್ ಕೇಳಿಸುವುದಿಲ್ಲ. ಅಮೆರಿಕದ ಡಬ್ಲ್ಯುಡಬ್ಲ್ಯುವಿ ಅಪರೂಪಕ್ಕೆ 10ರ ಮೇಲೆ ಮೆಲ್ಲಗೆ ಕೇಳೀತು. ಅದು ಇಂಗ್ಲಿಷಿನಲ್ಲಿ ಗಂಟೆ, ನಿಮಿಷ ಹೇಳುತ್ತದೆ. ಗಂಡು ದನಿಯಾದರೆ ಕೊಲರಾಡೊದ ಈ ನಿಲ್ದಾಣ, ಹೆಣ್ಣು ದನಿಯಾದರೆ ಹವಾಯಿಯಲ್ಲಿರುವ ಅದರ ಜೊತೆಯ ನಿಲ್ದಾಣ. ಕೊಲರಾಡೊದ ಆ ನಿಲ್ದಾಣ ನಮ್ಮ ಕಾರವಾರಕ್ಕೆ ಭೂಗೋಳದ ಹೆಚ್ಚುಕಡಿಮೆ ನೇರ ಆಚೆಯ ರೇಖಾಂಶದಲ್ಲಿರುವುದರಿಂದ ಹತ್ತಿರದ ದಾರಿ ಎಂದರೆ ಉತ್ತರ ಧ್ರುವದ ಮೇಲಿನದು.

ಸರಿಯಾದ ಟಿಕ್ ಗುರುತಿಸುವುದು

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲ ಕಳ್ಳ ನಿಮ್ಮ ತೋಟದಲ್ಲೇ ಇದ್ದಾನೆ. ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿ ಸುಮಾರು ಸೆಕೆಂಡಿಗೊಮ್ಮೆ ವಿದ್ಯುತ್ ಹೊಡೆತ ಬಿಡುತ್ತದೆ. ಬೇಲಿಗೆ ಹಸಿ ಬಳ್ಳಿ ತಾಗಿದ್ದರಂತೂ ಪ್ರತಿ ಹೊಡೆತಕ್ಕೂ ರೇಡಿಯೋದಲ್ಲಿ ‘ಟಕ್’ ಎಂದು ಜೋರಾಗಿ ಕೇಳುತ್ತದೆ. ಶಿರಸಿ ಸೀಮೆಯ ಹಿರಿಯರೊಬ್ಬರು ಕಿವಿಯನ್ನು ಸ್ಪೀಕರಿಗೆ ಒತ್ತಿಕೊಂಡು “ತಮಾ, ಸರಿಯಾಗೇ ಬಡಿತಾ ಇದ್ದು” ಎಂದು ಪಕ್ಕದ ತೋಟದ ಬೇಲಿಗೆ ತಮ್ಮ ಗಡಿಯಾರ ಹೊಂದಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪರೀಕ್ಷೆ ಸುಲಭ. ರೇಡಿಯೋವನ್ನು 10.000ದಿಂದ 10.100ಕ್ಕೆ ಸರಿಸಿ. ಟಿಕ್ ಹಾಗೇ ಇದ್ದರೆ ಅದು ಬೇಲಿ. ಮೀಡಿಯಂ ವೇವ್‌ಗೆ ಹೋದರೂ ಅದು ಬೆನ್ನು ಬಿಡುವುದಿಲ್ಲ. ನಿಜವಾದ ಸಂಕೇತ ಐದಾರು ಕಿಲೋಹರ್ಟ್ಸ್ ಸರಿಸಿದರೆ ಮಾಯವಾಗುತ್ತದೆ. ಇನ್ನೊಂದು ಗುರುತು, ಬೇಲಿಗೆ ನಿಮಿಷ ಎಂಬುದೇ ಇಲ್ಲ. ಒಂದೇ ಬಗೆಯ ಹೊಡೆತ ಬೆಳಗಿನ ತನಕ.

ಎರಡನೆಯ ತೊಡಕು ಬಿಪಿಎಂ ಒಳಗೇ ಇದೆ. ಅದು ಅರ್ಧ ಗಂಟೆಗೊಮ್ಮೆ ತಿರುಗಿ ಬರುವ ಒಂದು ವೇಳಾಪಟ್ಟಿಯಂತೆ ನಡೆಯುತ್ತದೆ. ನಮ್ಮ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಇರುವುದರಿಂದ ನಿಮಿಷದ ಲೆಕ್ಕ ಕೆಡುತ್ತದೆಯೇನೋ ಎಂದು ಹೆದರಬೇಡಿ. ಅರ್ಧ ಗಂಟೆಯ ಸುತ್ತು ಅರ್ಧ ಗಂಟೆಯ ವ್ಯತ್ಯಾಸವನ್ನು ನುಂಗಿಬಿಡುತ್ತದೆ, ಇಲ್ಲಿ ಬರೆದ ನಿಮಿಷಗಳನ್ನು ನಮ್ಮ ಗಡಿಯಾರದ ನಿಮಿಷಗಳೆಂದೇ ಓದಿ. ಗಂಟೆಯ ಮೊದಲ 10 ನಿಮಿಷ ಸೆಕೆಂಡಿಗೊಂದು ಟಿಕ್. 10ರಿಂದ 15ರವರೆಗೆ ಟಿಕ್ ಇಲ್ಲ, ಬರಿಯ ಅಲೆ. ರೇಡಿಯೋದ ಸೊರಸೊರ ಅಡಗಿ ಮೌನವಾಗುತ್ತದೆ, ಆಗ ನಿಲ್ದಾಣ ಕೈಕೊಟ್ಟಿತೆಂದು ಮುಳ್ಳು ತಿರುಗಿಸಬೇಡಿ. 15ರಿಂದ 25ರವರೆಗೆ ಮತ್ತೆ ಟಿಕ್. 25ರಿಂದ 29ರವರೆಗೆ ಸದ್ದು ಬದಲಾಗುತ್ತದೆ: ಚುಟುಕಾದ ‘ಟಿಕ್’ ಹೋಗಿ ತುಸು ಉದ್ದದ ‘ಪಿಪ್’ ಬರುತ್ತದೆ. ಕಿವಿಗೆ ಇದೇ ಚೆನ್ನಾಗಿ ಕೇಳುವುದರಿಂದ ಜನ ಇದನ್ನೇ ಹಿಡಿಯುತ್ತಾರೆ. ಹಿಡಿಯಬೇಡಿ. ಇದು ಭೂಮಿ ತಿರುಗುವುದನ್ನು ಅಳೆದ ಸಮಯ, ಪರಮಾಣು ಗಡಿಯಾರದ್ದಲ್ಲ. ಎರಡರ ನಡುವೆ 0.9 ಸೆಕೆಂಡಿನವರೆಗೆ ಅಂತರ ಇರಬಹುದೆಂಬ ನಿಯಮವಿದೆ. 29ನೆಯ ನಿಮಿಷದಲ್ಲಿ ಮೋರ್ಸ್‌ನಲ್ಲೂ ಚೀನೀ ಭಾಷೆಯಲ್ಲೂ ನಿಲ್ದಾಣದ ಹೆಸರು. 30ಕ್ಕೆ ಮತ್ತೆ ಮೊದಲಿನಿಂದ.

ಆ ಚೀನೀ ದನಿ ಕೇಳಿದರೆ ದೊಡ್ಡ ಲಾಭ. ಈಗ 29 ಅಥವಾ 59ನೆಯ ನಿಮಿಷ ಎಂಬುದು ಖಾತ್ರಿಯಾಗುತ್ತದೆ. ನಿಮ್ಮ ಗಡಿಯಾರ ಕಾಲು ಗಂಟೆ ತಪ್ಪಿದ್ದರೂ ಯಾವ ನಿಮಿಷ ಎಂದು ಯಾರನ್ನೂ ಕೇಳಬೇಕಿಲ್ಲ.

ಮೂರನೆಯದು, ನಿಮಿಷದ ಗುರುತು. ಪ್ರತಿ ನಿಮಿಷದ ಮೊದಲ ಟಿಕ್ ಉಳಿದವುಗಳಿಗಿಂತ ಉದ್ದ, ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ‘ಪೀ’ ಎನ್ನುತ್ತದೆ. ನಿಮಿಷ ಶುರುವಾಗುವುದು ಆ ‘ಪೀ’ ಶುರುವಾದಾಗ, ಮುಗಿದಾಗ ಅಲ್ಲ. ಕೇಳಿಸಿಕೊಂಡು, ಹೌದೆಂದು ಖಾತ್ರಿ ಮಾಡಿಕೊಂಡು ಕೈ ಬಿಡುವವರು ಅರ್ಧ ಸೆಕೆಂಡು ಕಳೆದುಕೊಂಡಿರುತ್ತಾರೆ.

ಅಷ್ಟು ದೂರದಿಂದ ಬರುವಾಗ ತಡವಾಗುವುದಿಲ್ಲವೇ ಎಂದು ಕೇಳುವವರಿಗೆ: ಪುಚೆಂಗ್‌ನಿಂದ ಕಾರವಾರಕ್ಕೆ ಸುಮಾರು 4,200 ಕಿ.ಮೀ. ಅಲೆಗೆ ಬೇಕಾದದ್ದು 14–15 ಮಿಲಿಸೆಕೆಂಡು. ಬಿಪಿಎಂ ತನ್ನ ಟಿಕ್‌ಗಳನ್ನು 20 ಮಿಲಿಸೆಕೆಂಡು ಮೊದಲೇ ಬಿಡುತ್ತದೆ. ಹಾಗಾಗಿ ಇಲ್ಲಿಗೆ ತಲುಪುವಾಗ ಐದಾರು ಮಿಲಿಸೆಕೆಂಡಿನ ವ್ಯತ್ಯಾಸ ಉಳಿದೀತು. ನಿಮ್ಮ ಬೆರಳು ಮಾಡುವ ತಪ್ಪು ಅದರ ಹತ್ತಿಪ್ಪತ್ತು ಪಟ್ಟು.

ಹೊಂದಿಸುವುದು

ಓಡುತ್ತಿರುವ ಸಮಯವನ್ನು ಅಟ್ಟಿಸಿಕೊಂಡು ಹೋಗಬೇಡಿ. ಮುಂದೆ ಹೋಗಿ ಕಾದು ನಿಲ್ಲಿ. ಈಗ 8:31 ಆಗಿದ್ದರೆ 8:35ಕ್ಕೆ ಇಡಿ.

ಲೋಲಕದ ಗಡಿಯಾರವಾದರೆ ಲೋಲಕ ನಿಲ್ಲಿಸಿ ನಿಮಿಷದ ಮುಳ್ಳನ್ನು 35ರ ಗೆರೆಯ ಮೇಲೆ ತನ್ನಿ. ಯಾವಾಗಲೂ ಮುಂದಕ್ಕೇ ತಿರುಗಿಸಬೇಕು. ಬಡಿಯುವ ಗಡಿಯಾರದಲ್ಲಿ ಅರ್ಧ ಗಂಟೆ, ಗಂಟೆಯ ಗೆರೆ ಬಂದಾಗೆಲ್ಲ ನಿಂತು ಅದು ಪೂರ್ತಿ ಬಡಿಯಲು ಬಿಡಬೇಕು. ಹಿಂದಕ್ಕೆ ತಿರುಗಿಸಿದರೆ ಬಡಿತದ ಲೆಕ್ಕ ತಪ್ಪುತ್ತದೆ, ಕೆಲವು ಹಳೆಯವುಗಳಲ್ಲಿ ಒಳಗಿನ ಸಲಕರಣೆಯೇ ಮುರಿಯುತ್ತದೆ. ಆಮೇಲೆ ಲೋಲಕವನ್ನು ಒಂದು ಬದಿಗೆ ಎಳೆದು ಹಿಡಿದುಕೊಳ್ಳಿ. 34ನೆಯ ನಿಮಿಷದ ‘ಪೀ’ ಬಂದಾಗಿನಿಂದ ಟಿಕ್‌ಗಳನ್ನು ಎಣಿಸುತ್ತ ಬನ್ನಿ. ಕೊನೆಯ ಹತ್ತನ್ನು ಬಾಯಿಬಿಟ್ಟೇ ಎಣಿಸಿ, ಕಾಲಲ್ಲಿ ತಾಳ ಹಾಕಿ. ಸದ್ದು ಕೇಳಿ ಕೈ ಬಿಡುವುದಲ್ಲ, ತಾಳ ಹಿಡಿದು ಸದ್ದಿನ ಜೊತೆಗೇ ಬಿಡುವುದು. ಯಕ್ಷಗಾನದ ಚೆಂಡೆಗೆ ಹೆಜ್ಜೆ ಹಾಕಿದವರಿಗೆ ಇದನ್ನು ಕಲಿಸಬೇಕಿಲ್ಲ.

ಸೆಲ್ ಹಾಕುವ ಗೋಡೆ ಗಡಿಯಾರಕ್ಕೆ ಸೆಕೆಂಡ್ ಮುಳ್ಳು 12ರ ಮೇಲೆ ಬಂದಾಗ ಸೆಲ್ ತೆಗೆಯಿರಿ, ನಿಮಿಷದ ಮುಳ್ಳು ಇಡಿ, ‘ಪೀ’ ಜೊತೆಗೆ ಸೆಲ್ ಒತ್ತಿ. ಕೈಗಡಿಯಾರದಲ್ಲಿ ಚಾವಿ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲುವುದಾದರೆ ಇದೇ ಕ್ರಮ. ಹಳೆಯ ಚಾವಿ ಗಡಿಯಾರಗಳಲ್ಲಿ ಹಲವು ನಿಲ್ಲುವುದಿಲ್ಲ. ಚಾವಿಯನ್ನು ಹಿಂದಕ್ಕೆ ಒತ್ತಿ ಮುಳ್ಳು ತಡೆಯುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಚಾವಿ ಇಳಿದು ತಾನಾಗಿ ನಿಲ್ಲಲಿ, ನಿಂತ ಮೇಲೆ ಮುಳ್ಳುಗಳನ್ನು ಇಟ್ಟು, ಹೊತ್ತಿಗೆ ಸರಿಯಾಗಿ ಚಾವಿ ಕೊಡಿ.

ಮರುದಿನ

ಲೋಲಕದ ಗಡಿಯಾರಕ್ಕೆ ಕೆಲಸ ಇಲ್ಲಿಂದ ಶುರು. ಮೊದಲು ಕಿವಿ ಕೊಟ್ಟು ಕೇಳಿ, ಟಿಕ್ ಮತ್ತು ಟಕ್ ನಡುವಿನ ಅಂತರ ಸಮವಾಗಿರಬೇಕು. ಕುಂಟುತ್ತಿದ್ದರೆ ಪೆಟ್ಟಿಗೆಯ ಕೆಳತುದಿಯನ್ನು ಎಡಕ್ಕೋ ಬಲಕ್ಕೋ ಕೂದಲೆಳೆಯಷ್ಟು ಸರಿಸಿ, ಸಮವಾದಲ್ಲಿ ಗೋಡೆಗೆ ಪೆನ್ಸಿಲ್ ಗೀರು ಹಾಕಿ. ಬಡಗಿಯ ರಸಮಟ್ಟ ಹಿಡಿದು ನೆಟ್ಟಗೆ ಮಾಡಿದರೆ ಸಾಲದು, ಹಳೆಯ ಪೆಟ್ಟಿಗೆಗಳೇ ಸೊಟ್ಟಗಿರುತ್ತವೆ.

ಲೋಲಕದ ಕೆಳಗಿನ ತಿರುಪು ಮೇಲೇರಿಸಿದರೆ ಗಡಿಯಾರ ಬೇಗ, ಇಳಿಸಿದರೆ ನಿಧಾನ. ಇದು ಎಲ್ಲರಿಗೂ ಗೊತ್ತು. ಎಷ್ಟು ಎಂಬುದು ಗೊತ್ತಿಲ್ಲದ್ದರಿಂದ ಸುತ್ತುಗಟ್ಟಲೆ ತಿರುಗಿಸುತ್ತಾರೆ. 25 ಸೆಂಟಿಮೀಟರ್ ಲೋಲಕದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ದಿನಕ್ಕೆ ಹತ್ತಿರ ಹತ್ತಿರ ಮೂರು ನಿಮಿಷ! ಒಮ್ಮೆಗೆ ಅರ್ಧ ಸುತ್ತಿಗಿಂತ ಹೆಚ್ಚು ಬೇಡ. ಚಾವಿ ತುಂಬಿದ ದಿನದ ಓಟ ಬೇರೆ, ಇಳಿಯುತ್ತ ಬಂದ ದಿನದ ಓಟ ಬೇರೆ. ಹಾಗಾಗಿ ಈ ಚಾವಿಯಿಂದ ಮುಂದಿನ ಚಾವಿಯವರೆಗೆ ಎಷ್ಟು ತಪ್ಪಿತೆಂದು ಕ್ಯಾಲೆಂಡರಿನಲ್ಲಿ ಬರೆದು ಆಮೇಲೆ ತಿರುಪು ಮುಟ್ಟಿ. ಹಿತ್ತಾಳೆ ಸರಳಿನ ಲೋಲಕವಾದರೆ ಬಿಸಿ 10 ಡಿಗ್ರಿ ಏರಿದಾಗ ದಿನಕ್ಕೆ 8 ಸೆಕೆಂಡು ಹಿಂದೆ ಬೀಳುತ್ತದೆ. ಡಿಸೆಂಬರಿನ ಚಳಿಗೆ ಹೊಂದಿಸಿದ್ದು ಏಪ್ರಿಲ್‌ನಲ್ಲಿ ತಪ್ಪಿದರೆ ತಿರುಪಿನ ದೋಷವಲ್ಲ.

ಇಷ್ಟಾದರೂ ಗಡಿಯಾರ ಆಗಾಗ ನಿಲ್ಲುತ್ತಿದ್ದರೆ ಒಳಗೆ ಯಾರೋ ತೆಂಗಿನೆಣ್ಣೆ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಶಿರಸಿಯ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಧೂಳು ಹಿಡಿದು ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು ಇನ್ನೂ ಕೆಟ್ಟದ್ದು: ಇದ್ದ ಎಣ್ಣೆಯನ್ನೂ ತೊಳೆದು ಹಾಕುತ್ತದೆ. ಗಡಿಯಾರ ರಿಪೇರಿಯವರ ಹತ್ತಿರ ಒಯ್ದು ಪೂರ್ತಿ ಬಿಚ್ಚಿಸಿ ತೊಳೆಸಿ, ಗಡಿಯಾರದ ಎಣ್ಣೆಯನ್ನೇ ಹಾಕಿಸಿ. ತರುವಾಗ ಬಸ್ಸಿನಲ್ಲಿ ಲೋಲಕವನ್ನು ಕಳಚಿ ಬೇರೆ ಕಟ್ಟಿಕೊಂಡು ಬನ್ನಿ.