ಪಿಸಿಗೂ ಪಿಎಸ್5ಗೂ ಒಂದೇ ಅಲ್ಟ್ರಾವೈಡ್ ಮಾನಿಟರ್ ಸಾಕಾ?

ಮೊದಲು ಕಹಿ ಸುದ್ದಿ. ಪಿಎಸ್5 ಆಗಲಿ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಆಗಲಿ 21:9 ಚಿತ್ರ (ಅಲ್ಟ್ರಾವೈಡ್ ಪರದೆಯ ಉದ್ದಗಲದ ಅನುಪಾತ) ಕೊಡುವುದೇ ಇಲ್ಲ, ಮಾಮೂಲಿ ಟಿವಿಯ 16:9 ಮಾತ್ರ. ಎಷ್ಟೇ ದುಡ್ಡು ಸುರಿದರೂ ಅಷ್ಟೇ. ಮಾಮೂಲಿ 34 ಇಂಚಿನ 3440×1440 ಪರದೆಯಲ್ಲಿ ಕನ್ಸೋಲ್ ಆಟ ನಡುವೆ ಮಾತ್ರ ಕಾಣುತ್ತದೆ, ಎಡಕ್ಕೊಂದು ಬಲಕ್ಕೊಂದು ಸುಮಾರು 10 ಸೆಂ.ಮೀ. ಅಗಲದ ಕಪ್ಪು ಪಟ್ಟಿ. ಅಂದರೆ 27 ಇಂಚಿನ ಮಾನಿಟರ್‌ನಲ್ಲಿ ಆಡಿದ ಹಾಗೆ. ಅದೇನು ಕೆಟ್ಟದ್ದಲ್ಲ. ಆದರೆ ನೀವು ಮುಕ್ಕಾಲು ಪಾಲು ಕನ್ಸೋಲ್‌ನಲ್ಲೇ ಆಡುವವರಾದರೆ ಅಲ್ಟ್ರಾವೈಡ್ ಬೇಡವೇ ಬೇಡ, ಸುಮ್ನೆ ಒಂದು ಒಳ್ಳೆ 4ಕೆ ಮಾನಿಟರ್ ತಗೊಳ್ಳಿ. ಪಿಸಿ ಜಾಸ್ತಿ, ಕನ್ಸೋಲ್ ಶನಿವಾರ ಭಾನುವಾರ ಅನ್ನುವವರು ಮುಂದೆ ಓದಿ.

3440×1440 ಅಂದರೆ ಹತ್ತಿರ ಹತ್ತಿರ 50 ಲಕ್ಷ ಪಿಕ್ಸೆಲ್. ಸಾದಾ 1440ಪಿಗಿಂತ (2560×1440) ಮೂರನೇ ಒಂದು ಪಾಲು ಜಾಸ್ತಿ, 4ಕೆಯ 83 ಲಕ್ಷಕ್ಕಿಂತ ಎಷ್ಟೋ ಕಡಿಮೆ. ಗ್ರಾಫಿಕ್ಸ್ ಕಾರ್ಡ್ ಅದಕ್ಕೆ ತಕ್ಕಂತೆ ಇರಲಿ. ಅಗ್ಗಕ್ಕೆ ಸಿಗುವ 34 ಇಂಚಿನ 2560×1080 ಮಾಡೆಲ್‌ಗಳ ಕಡೆ ತಿರುಗಿಯೂ ನೋಡಬೇಡಿ, ಅಕ್ಷರಗಳೆಲ್ಲ ಒರಟೊರಟು. (ಪಿಸಿಯಲ್ಲೂ ಎಲ್ಲ ಆಟ ಅಗಲವಾಗಿ ಬರುವುದಿಲ್ಲ. ಎಲ್ಡನ್ ರಿಂಗ್ ಅಲ್ಲೂ ಕಪ್ಪು ಪಟ್ಟಿ ಹಾಕಿಕೊಂಡೇ ಬರುತ್ತದೆ!)

ಜನ ಎಡವುವುದು ಎಚ್‌ಡಿಎಂಐ ಪೋರ್ಟ್‌ನಲ್ಲಿ. ಜಾಹೀರಾತಿನ 165 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಾಗುವುದು) ಸಾಮಾನ್ಯವಾಗಿ ಡಿಸ್‌ಪ್ಲೇಪೋರ್ಟ್ ಲೆಕ್ಕ. ಪಿಸಿಗೆ ಆ ದಾರಿ ಇದೆ, ಕನ್ಸೋಲ್‌ಗೆ ಎಚ್‌ಡಿಎಂಐ ಬಿಟ್ಟರೆ ಬೇರೆ ಗತಿಯಿಲ್ಲ. ಎಚ್‌ಡಿಎಂಐ 2.0 ಇದ್ದರೂ 1440ಪಿಯಲ್ಲಿ 120 ಹರ್ಟ್ಸ್ ಸಾಧ್ಯ, ಆದರೆ ಪಿಎಸ್5ನ ವಿಆರ್‌ಆರ್‌ಗೆ (ಆಟದ ವೇಗಕ್ಕೆ ತಕ್ಕಂತೆ ಪರದೆಯ ಹರ್ಟ್ಸ್ ಬದಲಾಗುವ ಸೌಲಭ್ಯ) 2.1 ಬೇಕೇ ಬೇಕು. ಎಕ್ಸ್‌ಬಾಕ್ಸ್ ಅಷ್ಟು ಹಟ ಮಾಡುವುದಿಲ್ಲ, ಮಾನಿಟರ್‌ನಲ್ಲಿ ಫ್ರೀಸಿಂಕ್ (ಎಎಂಡಿಯ ಅಂಥದ್ದೇ ಸೌಲಭ್ಯ) ಇದ್ದರೆ 2.0ದಲ್ಲೂ ಹೊಂದಿಕೊಳ್ಳುತ್ತದೆ. ಡಬ್ಬದ ಮೇಲೆ 2.1 ಅಂತ ಇದ್ದ ಮಾತ್ರಕ್ಕೆ ನಂಬಬೇಡಿ, ಅದರ ಹೊಸ ಸೌಲಭ್ಯಗಳು ಕಡ್ಡಾಯವಲ್ಲ, ಹಳೇ ವೇಗದ ಪೋರ್ಟ್‌ಗೂ ಆ ಹೆಸರು ಅಂಟಿಸಬಹುದು. ಮಾನಿಟರ್‌ನ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿಕೊಂಡು, ಯಾವ ಪೋರ್ಟ್ ಯಾವ ರೆಸಲ್ಯೂಷನ್ ತಗೊಳ್ಳುತ್ತದೆ ಅನ್ನುವ ಪಟ್ಟಿ ಹುಡುಕಿ. ಎಚ್‌ಡಿಎಂಐ ಕೆಳಗೆ 2560×1440, 120 ಹರ್ಟ್ಸ್ ಕಾಣಬೇಕು. 1440ಪಿಯೂ ಇಲ್ಲ, 4ಕೆಯೂ ಇಲ್ಲ ಅಂದರೆ ಪಿಎಸ್5 1080ಪಿಗೆ ಇಳಿದುಬಿಡುತ್ತದೆ, ಎಲ್ಲ ಮಸುಕು ಮಸುಕು. ಅದೇ ಮ್ಯಾನ್ಯುಯಲ್‌ನಲ್ಲಿ ಪರದೆಯ ಮೆನುವಿಗೆ 16:9 ಆಯ್ಕೆ ಇದೆಯಾ ಅಂತಲೂ ನೋಡಿ. ಅದಿಲ್ಲದ ಮಾನಿಟರ್ ಚಿತ್ರವನ್ನು ಎಳೆದು ಹಿಗ್ಗಿಸಿದರೆ ಫುಟ್‌ಬಾಲ್ ಮೊಟ್ಟೆಯಾಗುತ್ತದೆ.

ಪ್ಯಾನೆಲ್ (ಚಿತ್ರ ಮೂಡುವ ಫಲಕ) ವಿಷಯಕ್ಕೆ ಬಂದರೆ, ವಿಎ, ಐಪಿಎಸ್, ಓಎಲ್‌ಇಡಿ ಅಂತ ಬಗೆಗಳಿವೆ. ವಿಎ ಅಗ್ಗ, ಕಪ್ಪು ಚೆನ್ನಾಗಿರುತ್ತದೆ, ಆದರೆ ಕತ್ತಲ ದೃಶ್ಯದಲ್ಲಿ ಬೇಗ ತಿರುಗಿದರೆ ಕಪ್ಪು ಬಳಿದುಕೊಂಡು ಬಂದಂತೆ ಕಾಣಬಹುದು. ಐಪಿಎಸ್‌ನಲ್ಲಿ ಆ ಕಾಟ ಕಡಿಮೆ, ಕಪ್ಪು ಮಾತ್ರ ಬೂದು. ಓಎಲ್‌ಇಡಿ ನೋಡಲು ಸೊಗಸು, ಆದರೆ ಕನ್ಸೋಲ್‌ನಲ್ಲಿ ದಿನಾ ಗಂಟೆಗಟ್ಟಲೆ ಆಡಿದರೆ ನಡುವಿನ ಭಾಗ ಮಾತ್ರ ಸವೆಯುತ್ತದೆ, ಪಟ್ಟಿ ಇದ್ದ ಜಾಗ ಹೊಸದಾಗೇ ಉಳಿಯುತ್ತದೆ. ವರ್ಷಗಳ ಮೇಲೆ ಆ ವ್ಯತ್ಯಾಸ ಕಣ್ಣಿಗೆ ಹೊಡೆಯಬಹುದು. ವಾರಾಂತ್ಯಕ್ಕಷ್ಟೇ ಆಡುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಟೇಪ್ ಹಿಡಿದು ಟೇಬಲ್ ಅಳೆಯಿರಿ, ಪರದೆಯೇ 80 ಸೆಂ.ಮೀ. ಅಗಲ. ಸ್ಪೀಕರ್ ಇಲ್ಲದ ಮಾಡೆಲ್ ಆದರೂ ಪರವಾಗಿಲ್ಲ, ಹೆಡ್‌ಫೋನನ್ನು ಪಿಎಸ್5 ಕಂಟ್ರೋಲರ್‌ಗೇ ಸಿಕ್ಕಿಸಬಹುದು ಅಲ್ವಾ.